ಹೆಬ್ಬೆರಳಿನ ಗ್ಯಾರಂಟಿ

ನನ್ನ ಷಡ್ಡಕನ ಬುದ್ಧಿಯೆಲ್ಲ ಇದ್ದದ್ದು ಅವನ ಬಲಗಾಲಿನ ಹೆಬ್ಬೆರಳಿನಲ್ಲಿ.

ನಂಬಲಿಲ್ಲ ತಾನೆ? ನಂಬಬೇಡಿ! ನೀವು ಸಲೀಸಾಗಿ ನಂಬಿಬಿಟ್ಟರೆ ನನಗೇ ಬೇಜಾರು. ಟೋಕಿಯೋದ ಇಡೀ ಫುನಾಬೊರಿಯಲ್ಲಿ ನನ್ನಷ್ಟು ನಾಜೂಕಾಗಿ ಸುಳ್ಳು ಹೇಳುವವನು ಇನ್ನೊಬ್ಬನಿಲ್ಲ ಎಂದು ನನ್ನ ಹೆಂಡತಿಯೇ ಗಣೇಶನ ಹಬ್ಬದ ದಿನ ನಾಲ್ಕು ಜನರ ಮುಂದೆ ಸರ್ಟಿಫಿಕೇಟ್ ಕೊಟ್ಟಿದ್ದಾಳೆ. ಆ ಕೀರ್ತಿ ಕಳೆದುಕೊಳ್ಳುವ ವಯಸ್ಸಲ್ಲ ಇದು. ಆದರೆ ಈ ಸಲ ಒಂದು ಪಂಥ. ಈಗ ಹೇಳುವುದರಲ್ಲಿ ಒಂದೇ ಒಂದು ವಿವರ ನಾನು ಕಟ್ಟಿದ್ದು. ಉಳಿದದ್ದೆಲ್ಲ ಅಪ್ಪಟ ನಿಜ. ಅದು ಯಾವುದೆಂದು ಹಿಡಿಯಿರಿ ನೋಡೋಣ. ಆಗದಿದ್ದರೆ ಕೊನೆಗೆ ನಾನೇ ಹೇಳುತ್ತೇನೆ.

ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಮೈಸೂರಿನಲ್ಲಿ ಒಂದೇ ಮಾವನ ಮನೆಯಲ್ಲಿ ಒಬ್ಬಟ್ಟು ತಿಂದವರು ನಾವು. ಜಪಾನಿಗೂ ಹೆಚ್ಚುಕಡಿಮೆ ಒಟ್ಟಿಗೇ ಬಂದವರು, ಒಟ್ಟಿಗೇ ರಿಟೈರ್ ಆದವರು. ನಾನು ಕಂಪ್ಯೂಟರ್ ಪ್ರೋಗ್ರಾಮುಗಳ ರಿಪೇರಿ ಮಾಡುತ್ತಿದ್ದೆ. ಅವನಿದ್ದದ್ದು ಸಗಮಿಹಾರಾ ಕಡೆಯ ಒಂದು ಸಣ್ಣ ಕಂಪನಿಯಲ್ಲಿ. ಆಕಾಶಕ್ಕೆ ಹಾರುವ ಯಂತ್ರಗಳೊಳಗೆ ಕೂತು ಶಾಖ ಅಳೆಯುವ ಸೆನ್ಸರುಗಳನ್ನು ಅವನು ತಿದ್ದುತ್ತಿದ್ದ. ಯಾವ ಸೆನ್ಸರ್ ಎಷ್ಟು ಸುಳ್ಳು ಹೇಳುತ್ತದೆ ಎಂದು ಕಂಡುಹಿಡಿಯುವುದೇ ಅವನ ಕೆಲಸ. ಅದಕ್ಕೇ ನನ್ನ ಜೊತೆ ಅಷ್ಟು ಚೆನ್ನಾಗಿ ಹೊಂದಿಕೊಂಡ!

ಇಂಥ ಮನುಷ್ಯ ಮನೆಯಲ್ಲಿ ಮಾತ್ರ ಥರ್ಮಾಮೀಟರ್ ಮುಟ್ಟುತ್ತಿರಲಿಲ್ಲ. ಸ್ನಾನದ ತೊಟ್ಟಿಗೆ ಹೆಬ್ಬೆರಳು. ಕಾಲು ತೊಳೆಯುವ ಬಕೀಟಿಗೆ ಹೆಬ್ಬೆರಳು. ನನ್ನ ಮೊಮ್ಮಗಳನ್ನು ಈಜುಕೊಳಕ್ಕೆ ಬಿಡುವ ಮುಂಚೆ ಹೆಬ್ಬೆರಳು. "ನಲವತ್ತೊಂದೂವರೆ" ಅನ್ನುತ್ತಿದ್ದ, ಕಣ್ಣು ಮುಚ್ಚಿಕೊಂಡು, ವೈದ್ಯರು ನಾಡಿ ಹಿಡಿದಂತೆ. ಅವನ ಹೆಂಡತಿ ಅಡುಗೆಮನೆಯಲ್ಲಿ ಸಾರಿನ ಪಾತ್ರೆಯನ್ನು ಎತ್ತರದ ಕಟ್ಟೆಯ ಮೇಲೇ ಇಡುತ್ತಿದ್ದಳು. ಯಾಕೆ ಅಂತ ಕೇಳಿದರೆ, "ಸುಮ್ನೆ ಭಾವ, ಮುನ್ನೆಚ್ಚರಿಕೆ" ಅನ್ನುತ್ತಿದ್ದಳು.

ನಾನು ಪರೀಕ್ಷೆ ಮಾಡದೆ ಬಿಡುತ್ತೇನೆಯೇ? ಒಂದು ಭಾನುವಾರ ಅವನ ಕಣ್ಣಿಗೆ ಟವೆಲ್ ಕಟ್ಟಿ ಮೂರು ಬಕೀಟು ಇಟ್ಟೆ. ಮೂರಕ್ಕೂ ಸರಿಯಾಗಿ ಹೇಳಿದ. ನಾನು ಮೆಲ್ಲಗೆ ಮೊದಲನೇ ಬಕೀಟನ್ನೇ ಸರಿಸಿ ನಾಲ್ಕನೆಯದು ಅಂತ ಮುಂದಿಟ್ಟೆ.

"ಭಾವ, ಇದು ಮೊದ್ಲಿನದೇ" ಅಂದ. "ನೀವು ನಗು ತಡ್ಕೊಳ್ಳೋ ಹೊತ್ತಿಗೆ ಸ್ವಲ್ಪ ಆರಿದೆ, ಅಷ್ಟೇ."

ಅವತ್ತಿನಿಂದ ಆ ಹೆಬ್ಬೆರಳಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಹಾಕುತ್ತಿದ್ದೆ. ಬಾಯಿಬಿಟ್ಟು ಹೇಳಲಿಲ್ಲ. ತಲೆಗೇರಿಬಿಡುತ್ತದೆ.

ಅವನ ಇನ್ನೊಂದು ಹುಚ್ಚು ಹಸಿರು ಕರೆಂಟು. ಫುನಾಬೊರಿಯ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಕಂಬಿಗೆ ಸೋಲಾರ್ ಹಲಗೆ ಕಟ್ಟಿ, ಅದರಿಂದ ಬರುವ ಕರೆಂಟಿನಲ್ಲೇ ಇಡ್ಲಿ ಹಿಟ್ಟು ರುಬ್ಬಬೇಕೆಂದು ಮನೆಯಲ್ಲಿ ಕಾನೂನು ಮಾಡಿದ. ಬೇಸಿಗೆಯಲ್ಲಿ ಪರವಾಗಿಲ್ಲ. ಜೂನ್ ಬಂತು, ಟೋಕಿಯೋಕ್ಕೆ ಮೋಡ ಕವಿಯಿತು. ವಾರಗಟ್ಟಲೆ ಉದ್ದಿನಬೇಳೆ ನೆನೆಯುತ್ತಲೇ ಇತ್ತು. ಇಲ್ಲೇ ಹುಟ್ಟಿ ಬೆಳೆದ ನನ್ನ ಮೊಮ್ಮಗಳು ಕಿಟಕಿಯಾಚೆ ನೋಡಿ, "ತಾತಾ, ಇಟ್ಸ್ ಕ್ಲೌಡೀ. ಸೋ ನೋ ಇಡ್ಲಿ ಟುಡೇ, ನೇ?" ಎಂದು ಜಪಾನಿಯ 'ಅಲ್ವಾ' ಸೇರಿಸಿ ಕೇಳುವ ಮಟ್ಟಕ್ಕೆ ಬಂತು.

"ಪ್ಲಗ್ಗು ಗೋಡೆಗೆ ಹಾಕೋ ಮಹರಾಯ" ಅಂದೆ.

"ಗೋಡೆ ಒಳಗಿನ ಕರೆಂಟು ಎಲ್ಲಿಂದ ಬರತ್ತೆ ಅಂತ ಗೊತ್ತಾ ಭಾವ ನಿಮಗೆ? ಕಲ್ಲಿದ್ದಲು ಸುಟ್ಟು! ಆ ಹೊಗೆ ಕುಡಿಯೋದು ಇದೇ ಮಗು!"

ಮಗು ಆ ಹೊತ್ತಿಗೆ ಕೊಂಬಿನಿ ಅಂಗಡಿಯಿಂದ ತಂದ ಬನ್ನು ತಿನ್ನುತ್ತಿತ್ತು.

ಇಷ್ಟು ಹೇಳಿದ್ದೇಕೆಂದರೆ, ಮುಂದೆ ಆದದ್ದಕ್ಕೆಲ್ಲ ಈ ಎರಡು ಹುಚ್ಚೇ ಕಾರಣ.

ಪ್ರತಿವರ್ಷ ಚಳಿ ಶುರುವಾಗುವಾಗ ನಾವು ಎರಡು ಜೋಡಿ ಉತ್ತರದ ಬೆಟ್ಟಸೀಮೆಯ ಒಂದು ಹಳ್ಳಿಗೆ ಹೋಗುತ್ತಿದ್ದೆವು. ಬುಲೆಟ್ ಟ್ರೇನು, ಆಮೇಲೆ ಮುದಿ ಬಸ್ಸು. ಅಲ್ಲಿ ಬಿಸಿನೀರಿನ ಬುಗ್ಗೆ. ಅದನ್ನೇ ನಂಬಿಕೊಂಡ ನಾಲ್ಕಾರು ಹಳೇ ವಸತಿಗೃಹ. ಹಬೆಯಲ್ಲಿ ಸಿಹಿ ಕಡುಬು ಬೇಯಿಸಿ ಮಾರುವ ಒಂದು ಅಂಗಡಿ, ಒಂದು ಸೋಬಾ ಶಾವಿಗೆಯ ಹೋಟೆಲು. ನಾವು ಇಳಿಯುತ್ತಿದ್ದದ್ದು ಎಲ್ಲಕ್ಕಿಂತ ಸಣ್ಣದರಲ್ಲಿ. ಅದನ್ನು ನಡೆಸುತ್ತಿದ್ದವರು ನಮಗಿಂತ ಹಿರಿಯ ವಿಧವೆ. ಎಲ್ಲರೂ ಕರೆಯುವಂತೆ ನಾವೂ ಒಕಾಮಿ-ಸಾನ್ ಅಂತಲೇ ಕರೆಯುತ್ತಿದ್ದೆವು. ಯಜಮಾನಿತಿ ಅಂತ ಅರ್ಥ.

ಮೊದಲ ವರ್ಷ ನಾವು ಮೀನು ತಿನ್ನುವುದಿಲ್ಲ ಅಂದಾಗ ಆಕೆಗೆ ದಿಕ್ಕು ತೋಚಲಿಲ್ಲ. ಜಪಾನಿನಲ್ಲಿ ಸಾರಿನ ಬುಡವೇ ಮೀನು! ಎರಡನೇ ವರ್ಷ ಹೋಗುವಷ್ಟರಲ್ಲಿ ಕಡಲಪಾಚಿ ಮತ್ತು ಅಣಬೆಯಲ್ಲೇ ಸಾರು ಕುದಿಸುವುದನ್ನು ಕಲಿತು, ನಮಗೆಂದೇ ಒಂದು ಪಾತ್ರೆ ಬೇರೆ ತೆಗೆದಿಟ್ಟಿದ್ದರು. ಅದರ ಹಿಡಿಗೆ ಕೆಂಪು ದಾರ ಕಟ್ಟಿತ್ತು, ಬೇರೆ ಯಾರೂ ಮುಟ್ಟದಿರಲಿ ಅಂತ. ನನ್ನ ಅತ್ತೆ ಬದುಕಿದ್ದಾಗಲೂ ನನಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ.

ಅಲ್ಲಿನ ಸ್ನಾನದ ಕೋಣೆ ಕಪ್ಪಾದ ಮರದ್ದು. ಬೆಟ್ಟದಿಂದ ನೀರು ತಾನಾಗಿ ಹರಿದು ಬಂದು ತೊಟ್ಟಿಗೆ ಬೀಳುತ್ತದೆ. ಒಲೆಯಿಲ್ಲ, ಬಾಯ್ಲರಿಲ್ಲ. ಬೆತ್ತಲೆ ಇಳಿಯಬೇಕು. ಮೊದಲ ಸಲ ನನ್ನ ಷಡ್ಡಕ ಪಂಚೆ ಉಟ್ಟೇ ಇಳಿಯಲು ಹೋದಾಗ ಅಲ್ಲಿದ್ದ ರೈತನೊಬ್ಬ ಕೈಮುಗಿದು ತಡೆದಿದ್ದ. ಆಮೇಲೆ ನಾಚಿಕೆ ಬಿಟ್ಟ. ಹೆಬ್ಬೆರಳು ಅದ್ದಿ, ಕಣ್ಣು ಮುಚ್ಚಿ, "ನಲವತ್ತೆರಡೂವರೆ. ಭೂಮಿತಾಯಿ ಕೈ ಅಳತೆ ನೋಡಿ ಭಾವ, ಒಂದು ಚೂರು ಹೆಚ್ಚಿಲ್ಲ ಕಮ್ಮಿಯಿಲ್ಲ" ಅಂದ. ಅವನು ದೇವರ ಬಗ್ಗೆ ಅಷ್ಟು ಭಕ್ತಿಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಆ ಭೂಮಿತಾಯಿಯ ಬಾಗಿಲಿಗೆ ಒಂದು ವರ್ಷ ಕರೆಂಟು ಕಂಪನಿಯವರು ಬಂದರು. ಬೆಟ್ಟದ ಮೇಲೆ ಆಳಕ್ಕೆ ಕೊರೆದು, ಒಳಗಿನ ಹಬೆಯಿಂದ ಕರೆಂಟು ತೆಗೆಯುತ್ತಾರಂತೆ. ಹೊಗೆಯಿಲ್ಲ, ಕಲ್ಲಿದ್ದಲಿಲ್ಲ, ಮೋಡ ಕವಿದರೂ ನಿಲ್ಲುವುದಿಲ್ಲ. ಬಿಸಿನೀರಿನ ವಸತಿಗೃಹಗಳವರೆಲ್ಲ ಒಪ್ಪಿದರೆ ಮಾತ್ರ ಕೆಲಸ ಶುರು ಎಂದು ಊರಿನ ಕಟ್ಟಳೆ. ಕಂಪನಿಯ ಪರವಾಗಿ ಬರುತ್ತಿದ್ದ ಮೊರಿತಾ-ಸಾನ್ ಎಂಬ ತೆಳ್ಳನೆಯ ಮನುಷ್ಯ, ಮನೆಮನೆಗೆ ಹೋಗಿ ಸೊಂಟ ಬಗ್ಗಿಸಿ ವಿವರಿಸಿದ. ಎಲ್ಲರೂ ಒಪ್ಪಿದರು, ಒಬ್ಬರನ್ನು ಬಿಟ್ಟು. ಆ ಒಬ್ಬರು ಅಡುಗೆಮನೆಯಲ್ಲಿ ನಮಗಾಗಿ ಅಣಬೆ ಹೆಚ್ಚುತ್ತಿದ್ದರು.

"ಸೆನ್ಸೆಯಿ" ಅಂದರು ಒಕಾಮಿ-ಸಾನ್ ನನ್ನ ಷಡ್ಡಕನಿಗೆ. ಮೇಷ್ಟ್ರೇ ಅಂದ ಹಾಗೆ. ನನ್ನನ್ನು ಮಾತ್ರ ಯಾರೂ ಹಾಗೆ ಕರೆಯಲಿಲ್ಲ, ಇರಲಿ! "ನೀವು ಶಾಖದ ವಿಷಯ ಓದಿದವರು. ಈ ಊರಿನವರಲ್ಲ, ಕಂಪನಿಯವರೂ ಅಲ್ಲ. ನೀವು ಹೇಳಿ. ನನ್ನ ನೀರು ತಣ್ಣಗಾಗುತ್ತಾ?"

ಅವನು ಇಡ್ಲಿ ಪಾತ್ರೆಯ ಉದಾಹರಣೆ ಕೊಟ್ಟ. ಜಪಾನಿ ಭಾಷೆಯಲ್ಲಿ ಇಡ್ಲಿ ಪಾತ್ರೆ ವಿವರಿಸುವುದನ್ನು ನೀವು ನೋಡಬೇಕಿತ್ತು! ತಳದಲ್ಲಿ ನೀರು, ಕೆಳಗೆ ಬೆಂಕಿ, ಮೇಲೆ ಹಬೆ. ಹಬೆಯಿಂದ ಚಕ್ರ ತಿರುಗಿಸಿ, ತಣಿದ ನೀರನ್ನು ಮತ್ತೆ ತಳಕ್ಕೇ ಸುರಿಯುತ್ತಾರೆ. ನಿಮ್ಮ ಬುಗ್ಗೆ ಇರುವುದು ಬೇರೆ ಪದರದಲ್ಲಿ, ನಡುವೆ ಗಟ್ಟಿ ಬಂಡೆ ಅಂದ.

ಒಕಾಮಿ-ಸಾನ್ ಸ್ವಲ್ಪ ಯೋಚಿಸಿ ಕೇಳಿದರು, "ತಳದ ನೀರು ಬತ್ತಿದರೆ?"

"ಬತ್ತಲ್ಲ."

"ಬತ್ತಿದರೆ?"

ಆಗ ಅವನು ಎದ್ದ. ಸ್ನಾನದ ಕೋಣೆಗೆ ಹೋಗಿ, ನಮ್ಮೆಲ್ಲರ ಮುಂದೆ ಹೆಬ್ಬೆರಳು ತೊಟ್ಟಿಗಿಟ್ಟ. "ವರ್ಷಾವರ್ಷ ಬರ್ತೀನಿ, ನೋಡ್ತೀನಿ. ಇದೇ ಗ್ಯಾರಂಟಿ."

ಮಾರನೇ ದಿನ ಒಕಾಮಿ-ಸಾನ್ ಒಪ್ಪಿಗೆಯ ಮುದ್ರೆ ಒತ್ತಿದರು. ಭೂವಿಜ್ಞಾನಿಗಳ ಮಾತಿಗೆ ಅಲ್ಲ, ಮೊರಿತಾ-ಸಾನ್ ಬಗ್ಗಿಸಿದ ಸೊಂಟಕ್ಕೆ ಅಲ್ಲ. ಮೈಸೂರಿನ ಒಂದು ಕಾಲ್ಬೆರಳಿಗೆ!

ಆಮೇಲೆ ಬಂದದ್ದು ಸುಗ್ಗಿ. ಬೆಟ್ಟಕ್ಕೆ ಅಗಲವಾದ ರಸ್ತೆಯಾಯಿತು. ಕೆಲಸದವರು, ಎಂಜಿನಿಯರುಗಳು ಬಂದು ಎಲ್ಲ ವಸತಿಗೃಹಗಳೂ ತುಂಬಿದವು. ಕಡುಬಿನ ಅಂಗಡಿಯವನು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಿದ್ದ, ಮಾಲು ಮುಗಿದು. ಶಾವಿಗೆ ಹೋಟೆಲಿನವನು ಹೊಸ ಬೋರ್ಡು ಬರೆಸಿದ. ಒಕಾಮಿ-ಸಾನ್ ಹೊಸ ಹಾಸಿಗೆಗಳನ್ನು ಹೊಲಿಸಿದರು. ಉದ್ಘಾಟನೆಗೆ ನಮ್ಮನ್ನೂ ಕರೆದರು. ನನ್ನ ಷಡ್ಡಕನಿಗೆ ಹೆಲ್ಮೆಟ್ ಹಾಕಿ ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಫೋಟೋದಲ್ಲಿ ಅವನ ಹಿಂದೆ ಎರಡು ಬೆರಳು ಕೊಂಬಿನಂತೆ ಎದ್ದಿವೆ. ಯಾರದ್ದು ಅಂತ ನಾನು ಹೇಳುವುದಿಲ್ಲ.

ಚಕ್ರ ತಿರುಗಲು ಶುರುವಾಯಿತು. ಕೆಲಸದವರು ಹೊರಟುಹೋದರು. ಹೊಸ ಹಾಸಿಗೆಗಳು ಬೀರುವಿನಲ್ಲಿ ಮಡಿಸಿಕೊಂಡು ಕೂತವು. ಕಡುಬಿನ ಅಂಗಡಿಯವನು ಮತ್ತೆ ಸಂಜೆಯವರೆಗೂ ಬಾಗಿಲು ತೆರೆದಿಟ್ಟುಕೊಂಡು ರಸ್ತೆ ನೋಡತೊಡಗಿದ. ಅಗಲವಾದ ರಸ್ತೆ. ಒಂದು ಗುಣವೆಂದರೆ, ಯಾರೂ ಬರುತ್ತಿಲ್ಲ ಎನ್ನುವುದು ಬಹಳ ದೂರದವರೆಗೂ ಕಾಣುತ್ತಿತ್ತು.

ಮುಂದಿನ ಸಲ ಹೋದಾಗ ಷಡ್ಡಕ ಹೆಬ್ಬೆರಳು ಅದ್ದಿದ. ತೆಗೆದ. ಮತ್ತೆ ಅದ್ದಿದ.

"ಭಾವ, ಇಳಿದಿದೆ."

"ಏನಿಳೀತೋ? ನಿನ್ನ ಬೀಪೀನಾ?"

"ತಮಾಷೆ ಬೇಡಿ. ಒಂದು ಡಿಗ್ರಿ ಇಳಿದಿದೆ."

ನಾನು ಕೈಹಾಕಿ ನೋಡಿದೆ. ನನಗೆ ಎಲ್ಲ ಬಿಸಿನೀರೂ ಒಂದೇ. ತೊಟ್ಟಿಯ ಮೇಲೆ ಕಂಪನಿಯವರು ಕೆಂಪು ಅಂಕಿ ತೋರಿಸುವ ಒಂದು ಡಬ್ಬಿ ಹಾಕಿದ್ದರು, ಎಲ್ಲರಿಗೂ ಕಾಣಲಿ ಅಂತ. ಅದರ ಅಂಕಿ ಅಲ್ಲಾಡಿರಲಿಲ್ಲ.

"ಡಬ್ಬಿ ಸರಿಯಾಗೇ ಹೇಳ್ತಿದೆ ಕಣೋ."

"ಅದನ್ನ ನೀರು ಬೀಳೋ ಬಾಯಲ್ಲೇ ಕೂರಿಸಿದ್ದಾರೆ ಭಾವ. ಬಾಣಲೆ ಪಕ್ಕ ಕೂತವನು ಚಳಿ ಇಲ್ಲ ಅಂದ್ರೆ ನಂಬೋದಾ? ಇಡೀ ಜೀವಮಾನ ಇಂಥ ಕಳ್ಳರನ್ನೇ ಹಿಡಿದಿದ್ದೀನಿ ನಾನು."

ಮೊರಿತಾ-ಸಾನ್‌ಗೆ ಫೋನು ಮಾಡಿದ. ಮೊರಿತಾ-ಸಾನ್ ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಜಾರಿಕೊಳ್ಳಲಿಲ್ಲ. ಮಾರನೇ ದಿನವೇ ಪರೀಕ್ಷೆಯವರನ್ನು ಕರೆದುಕೊಂಡು ಬಂದು, ನೀರು ತುಂಬಿಕೊಂಡು ಹೋಗಿ, ಎಲ್ಲ ಅಳೆಯುತ್ತೇನೆ ಅಂದ. ಬೇರೆ ವಸತಿಗೃಹಗಳವರೂ ಬರುತ್ತೇವೆ ಅಂದರು. ಅವರಿಗೂ ಒಳಗೊಳಗೇ ಅನುಮಾನವಿತ್ತು, ಬಾಯಿಬಿಟ್ಟಿರಲಿಲ್ಲ. ಒಕಾಮಿ-ಸಾನ್ ಅವತ್ತು ನಮಗೆ ಎರಡು ಸಲ ಚಹಾ ಕೊಟ್ಟರು.

ಎಲ್ಲ ಸರಿ. ಆದರೆ ಆ ಮಾರನೇ ದಿನ ಯಾವುದು? ನರಕ ಚತುರ್ದಶಿ!

ಹಬ್ಬದ ದಿನ ಎಲ್ಲಿದ್ದರೂ ಎಣ್ಣೆಸ್ನಾನ ತಪ್ಪಬಾರದೆಂದು ಅಕ್ಕತಂಗಿಯರಿಬ್ಬರೂ ಟೋಕಿಯೋದ ನಿಶಿ-ಕಸಾಯ್‌ನ ಇಂಡಿಯನ್ ಅಂಗಡಿಯಿಂದ ಎಳ್ಳೆಣ್ಣೆ, ಸೀಗೆಪುಡಿ ಕಟ್ಟಿಕೊಂಡೇ ಬಂದಿದ್ದರು. ಬೆಳಕು ಹರಿಯುವ ಮುಂಚೆ ಷಡ್ಡಕನನ್ನು ಕೂರಿಸಿ ಅವನ ಹೆಂಡತಿ ನೆತ್ತಿಗೆ ಎಣ್ಣೆಯೊತ್ತಿದಳು. ಬೆನ್ನಿಗೂ ಹಚ್ಚಿದಳು. ನಾನು ನೆಗಡಿಯ ನೆಪ ಹೇಳಿ ಹೊದಿಕೆಯೊಳಗೇ ಉಳಿದೆ. ಜಪಾನಿನ ಸ್ನಾನದ ಮನೆಯಲ್ಲಿ ಮೊದಲು ಹೊರಗೆ ಕೂತು ಮೈ ತೊಳೆದುಕೊಂಡು ಆಮೇಲೆ ತೊಟ್ಟಿಗೆ ಇಳಿಯಬೇಕು. ಅವನೂ ತೊಳೆದುಕೊಂಡ, ಸೀಗೆಪುಡಿ ಹಾಕಿಯೇ. ಆದರೆ ಪರೀಕ್ಷೆಯವರು ಬರುವ ಮುಂಚೆ ಇನ್ನೊಂದು ಸಲ ನೀರಿನ ಹದ ನೋಡಬೇಕೆಂಬ ಆತುರ. ನಮ್ಮ ಎಳ್ಳೆಣ್ಣೆ ಆತುರದವರನ್ನು ಬಿಡುತ್ತದೆಯೇ?

ಜಪಾನಿನವರು ಹೇಳಿದ ಹೊತ್ತಿಗೆ ಬರುವುದಿಲ್ಲ, ಅದಕ್ಕಿಂತ ಮುಂಚೆಯೇ ಬರುತ್ತಾರೆ. ಗದ್ದಲ ಕೇಳಿ ನಾನು ಓಡಿದೆ. ಸ್ನಾನದ ಕೋಣೆಯ ತುಂಬ ಜನ. ಮೊರಿತಾ-ಸಾನ್ ತೊಟ್ಟಿಯ ಪಕ್ಕ ಮಂಡಿಯೂರಿದ್ದ. ಮುಖ ಬಿಳಿಚಿತ್ತು. ನೀರಿನ ಮೇಲೆ ಬಂಗಾರದ ಬಣ್ಣದ ತೆಳ್ಳನೆಯ ಪದರ, ಸುತ್ತ ಕಂದು ನೊರೆ. ಕೊರೆಯುವ ಯಂತ್ರದ ಎಣ್ಣೆ ಬುಗ್ಗೆಗೆ ಇಳಿದಿದೆ ಎಂದು ಯಾರೋ ಅಂದರು. ಎಂದೂ ದನಿ ಎತ್ತದ ಆ ಮುದುಕರೆಲ್ಲ ಒಟ್ಟಿಗೆ ಕೂಗಾಡುತ್ತಿದ್ದರು. ಚಕ್ರ ನಿಲ್ಲಿಸಿ, ಇವತ್ತೇ ನಿಲ್ಲಿಸಿ! ಮೊರಿತಾ-ಸಾನ್ ಫೋನು ತೆಗೆದ. ನಿಲ್ಲಿಸುವುದರಲ್ಲಿದ್ದರು, ನಿಜವಾಗಿಯೂ.

ನಡುವೆ ನನ್ನ ಷಡ್ಡಕ, ನಿಲುವಂಗಿ ಸುತ್ತಿಕೊಂಡು, ಗೆದ್ದ ಪೈಲ್ವಾನನಂತೆ ನಿಂತಿದ್ದ. "ನಾನು ಹೇಳಲಿಲ್ವಾ! ನನ್ನ ಹೆಬ್ಬೆರಳು ಹೇಳಲಿಲ್ವಾ!"

ಆಗ ಅವನ ಹೆಂಡತಿ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಮೂಗು ಅರಳಿಸಿದಳು. "ರೀ! ಎಣ್ಣೆ ಸರಿಯಾಗಿ ತೊಳ್ಕೊಳ್ದೇ ತೊಟ್ಟಿಗೆ ಇಳಿದ್ರಾ?"

ಅವಳು ಹೇಳಿದ್ದು ಕನ್ನಡದಲ್ಲಿ. ಆ ಕೋಣೆಯಲ್ಲಿ ಅದು ಅರ್ಥವಾದದ್ದು ಅವನಿಗೆ, ನನಗೆ.

ನಾನು ಅವನ ತೋಳು ಹಿಡಿದು ಕಿವಿಯಲ್ಲಿ ಹೇಳಿದೆ, "ಸುಮ್ನಿರು ಮಹರಾಯ. ನಿಂಗೆ ಬೇಕಾಗಿದ್ದು ಆಗ್ತಿದೆ. ಬಾಯಿ ಮುಚ್ಕೊಂಡು ನಿಂತ್ಕೋ, ಸಾಕು."

"ಭಾವ, ಅದು ನನ್ನ ತಲೆ ಎಣ್ಣೆ."

"ಯಾರಿಗೆ ಗೊತ್ತು?"

"ಪರೀಕ್ಷೆಲಿ ಗೊತ್ತಾಗತ್ತೆ."

"ಅಷ್ಟು ದಿನ ನಿಂತಿರತ್ತಲ್ಲೋ!"

ಅವನು ಒಕಾಮಿ-ಸಾನ್ ಕಡೆ ನೋಡಿದ. ಆಕೆ ಗೋಡೆಗೆ ಒರಗಿ, ಎರಡೂ ಕೈ ಮಡಿಸಿ, ಇವನನ್ನೇ ನೋಡುತ್ತಿದ್ದರು. ಆ ಮುಖದಲ್ಲಿದ್ದ ಆಸೆಯನ್ನು ನಾನು ವರ್ಣಿಸಲಾರೆ. ನಾನಾಗಿದ್ದರೆ ಆ ಮುಖಕ್ಕಾದರೂ ಸುಳ್ಳು ಹೇಳುತ್ತಿದ್ದೆ. ಅವನು ಸೆನ್ಸರುಗಳ ಸುಳ್ಳು ಹಿಡಿದವನು. ಸೊಂಟ ಬಗ್ಗಿಸಿದ.

"ಸುಮಿಮಾಸೆನ್. ಕ್ಷಮಿಸಿ. ಇದು ನನ್ನ ತಲೆಯ ಎಣ್ಣೆ. ನಮ್ಮ ಹಬ್ಬ."

ಯಾರೂ ನಗಲಿಲ್ಲ. ಯಾರೂ ಬಯ್ಯಲೂ ಇಲ್ಲ. ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು! ಒಬ್ಬೊಬ್ಬರಾಗಿ ತಲೆಬಾಗಿಸಿ ಹೊರಟುಹೋದರು, ಪರೀಕ್ಷೆಯವರೂ ಏನೂ ಅಳೆಯದೆ. ಮೊರಿತಾ-ಸಾನ್ ಮಾತ್ರ ಬಹಳ ಹೊತ್ತು ಬಗ್ಗಿಯೇ ಇದ್ದ, ಉಸಿರು ಸುಧಾರಿಸಿಕೊಳ್ಳುತ್ತಿದ್ದನೋ ಏನೋ. ತೊಟ್ಟಿ ಖಾಲಿ ಮಾಡಿ, ನನ್ನ ಷಡ್ಡಕನೂ ಒಕಾಮಿ-ಸಾನೂ ಮಂಡಿಯೂರಿ ಮಧ್ಯಾಹ್ನದವರೆಗೆ ಮರ ಉಜ್ಜಿದರು. ಸಂಜೆ ನಮ್ಮ ಕೆಂಪು ದಾರದ ಪಾತ್ರೆಯಲ್ಲಿ ಎಂದಿನಂತೆ ಸಾರು ಬಂತು. ಅವನು ಕುಡಿಯಲಿಲ್ಲ.

ಆಮೇಲೆ ಅವನು ನೀರು ತಣ್ಣಗಾಗಿದೆ ಅಂದಾಗಲೆಲ್ಲ ಊರಿನವರು "ಹೌದೇ, ಸೆನ್ಸೆಯಿ" ಅನ್ನುತ್ತಿದ್ದರು. ಜಪಾನಿನಲ್ಲಿ ಅದಕ್ಕಿಂತ ಕ್ರೂರವಾದ ಉತ್ತರ ಇಲ್ಲ. ಮೊರಿತಾ-ಸಾನ್ ಕೊನೆಗೊಮ್ಮೆ ಬಹಳ ವಿನಯದಿಂದ ಕೇಳಿದ, "ತಮ್ಮ ಆರೋಗ್ಯ ಹೇಗಿದೆ?"

ಆ ಪ್ರಶ್ನೆ ಅವನನ್ನು ಕೊರೆಯಿತು. ಟೋಕಿಯೋಕ್ಕೆ ಬಂದವನೇ ಡಾಕ್ಟರ ಹತ್ತಿರ ಹೋದ. ನಾನೂ ಜೊತೆಗಿದ್ದೆ. ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಡಾಕ್ಟರು ಸೂಜಿಯ ಮೊನೆಯಿಂದ ಅವನ ಹೆಬ್ಬೆರಳು ಚುಚ್ಚಿದರು.

"ಚುಚ್ಚಿದಾಗ ಹೇಳಿ" ಅಂದರು.

ಅವನು ಕಾಯುತ್ತಿದ್ದ. ಡಾಕ್ಟರು ಇನ್ನೊಂದು ಸಲ ಚುಚ್ಚಿದರು. ಅವನು ಇನ್ನೂ ಕಾಯುತ್ತಿದ್ದ, ಒಳ್ಳೆ ಹುಡುಗನಂತೆ. ನಾನು ಗೋಡೆಯ ಕಡೆ ತಿರುಗಿದೆ.

ಸಕ್ಕರೆ ಕಾಯಿಲೆ. ಬಹಳ ವರ್ಷಗಳದ್ದಂತೆ. ಕಾಲಿನ ನರ ಒಂದೊಂದಾಗಿ ಸಾಯುತ್ತಾ ಬಂದಿವೆ. ಆಸ್ಪತ್ರೆಯಿಂದ ಸ್ಟೇಷನ್ನಿಗೆ ನಡೆಯುವಾಗ ಅವನು ಕೇಳಿದ್ದು ಒಂದೇ.

"ಭಾವ, ಇದು ಸತ್ತಿದ್ದು ಯಾವಾಗ?"

"ಯಾವ್ದು?"

"ನಾನು ಒಕಾಮಿ-ಸಾನ್‌ಗೆ ಗ್ಯಾರಂಟಿ ಕೊಟ್ಟಾಗ ಇದಕ್ಕೆ ಜೀವ ಇತ್ತಾ? ಇಲ್ಲ ಆಗ್ಲೇ ಸತ್ತಿತ್ತಾ?"

ಡಾಕ್ಟರಿಗೂ ಗೊತ್ತಿಲ್ಲ, ನನಗೇನು ಗೊತ್ತು? ನೀರು ತಣ್ಣಗಾಗಿತ್ತೋ, ಬೆರಳು ತಣ್ಣಗಾಗಿತ್ತೋ? ಅವನು ತಿಳಿದುಕೊಳ್ಳದೆ ಬಿಡುವ ಜಾತಿಯಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ತಾನೇ ಬಕೀಟುಗಳಿಗೆ ನೀರು ತುಂಬಿ, ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಹಳೆಯ ಪರೀಕ್ಷೆಯನ್ನು ಮತ್ತೆ ಮಾಡಿದ. ಒಂದು ಬಕೀಟಿನ ನೀರು ಕುದಿಯುವುದಕ್ಕೆ ಹತ್ತಿರವಿತ್ತು. ಅವನು ಹೆಬ್ಬೆರಳು ಅದ್ದಿಕೊಂಡು ಕೂತೇ ಇದ್ದ, ಬೆಚ್ಚಗಿದೆ ಅಂದುಕೊಂಡು. ಅವನ ಹೆಂಡತಿ ತರಕಾರಿ ಚೀಲ ಹಿಡಿದು ಬಂದು ಕಿರುಚಿದಾಗಲೇ ಕಣ್ಣು ಬಿಚ್ಚಿದ್ದು.

ಬೊಬ್ಬೆ ಹುಣ್ಣಾಯಿತು. ಹುಣ್ಣು ಕಪ್ಪಾಯಿತು. ಬೆರಳು ತೆಗೆದರು.

ಆಸ್ಪತ್ರೆಗೆ ಹೋದಾಗ ಕಿತ್ತಳೆ ಸುಲಿಯುತ್ತಾ ಕೂತಿದ್ದೆ, ಬಾಯಿಬಡುಕ ನಾನು! ಅವನೇ ಅಂದ, "ಗ್ಯಾರಂಟಿ ಪೀರಿಯಡ್ ಮುಗೀತು ಭಾವ."

ನಾನು ನಕ್ಕೆ. ನಗದಿದ್ದರೆ ಅವನಿಗೆ ಬೇಜಾರಾಗುತ್ತಿತ್ತು.

ಆ ಚಳಿಗಾಲದಲ್ಲಿ ಒಕಾಮಿ-ಸಾನ್ ಫೋನು ಮಾಡಿದರು. ಬಂದ ಅತಿಥಿಗಳು ನೀರು ಉಗುರುಬೆಚ್ಚಗಿದೆ ಅನ್ನುತ್ತಿದ್ದಾರಂತೆ. ಈಗ ಯಾರ ಬೆರಳೂ ಬೇಕಿರಲಿಲ್ಲ, ಮಕ್ಕಳಿಗೂ ಗೊತ್ತಾಗುತ್ತಿತ್ತು. ದೊಡ್ಡ ವಸತಿಗೃಹಗಳವರು ಸೀಮೆಎಣ್ಣೆ ಬಾಯ್ಲರ್ ಹಾಕಿಸಿಕೊಂಡರು. ಮೇಲೆ ಹೊಗೆಯಿಲ್ಲದ ಕರೆಂಟು, ಕೆಳಗೆ ಸೀಮೆಎಣ್ಣೆ ಹೊಗೆ! ಕಂಪನಿಯವರು ಮಳೆ ಕಮ್ಮಿಯಾಗಿದೆ, ಹಿಂದಿನ ವರ್ಷ ಭೂಮಿ ನಡುಗಿತ್ತು, ಕೊಳವೆಗಳು ಹಳೆಯವು ಅಂದರು. ಇರಬಹುದು. ಭೂಮಿಯೊಳಗೆ ಇಳಿದು ನೋಡಿ ಬಂದವರು ಯಾರಿದ್ದಾರೆ? ಪರಿಹಾರವೆಂದು ಊರಿಗೆ ಒಂದು ಗಾಜಿನ ಮನೆ ಕಟ್ಟಿಸಿ, ಸ್ಥಾವರದ ಬಿಸಿನೀರಿನಲ್ಲಿ ಸ್ಟ್ರಾಬೆರಿ ಬೆಳೆಸಿದರು. ಒಕಾಮಿ-ಸಾನ್ ನಮಗೂ ಒಂದು ಡಬ್ಬಿ ಕಳಿಸಿದ್ದರು. ಬಹಳ ರುಚಿ. ಅದೇ ಕಷ್ಟ.

"ಎಲ್ಲಾ ಅವರದ್ದೇ ತಪ್ಪು ಅನ್ನು, ಮನಸ್ಸು ಹಗುರಾಗತ್ತೆ" ಅಂದೆ ನಾನು.

"ಆ ಕರೆಂಟೂ ಬೇಕಲ್ಲ ಭಾವ" ಅಂದ. "ಅದು ಬೇಡ ಅಂತ ನಾನು ಈಗ್ಲೂ ಹೇಳಲ್ಲ. ಆದ್ರೆ ಆಯಮ್ಮ ಅದನ್ನ ನಂಬಿ ಮುದ್ರೆ ಒತ್ತಲಿಲ್ಲ. ನನ್ನನ್ನ ನಂಬಿ ಒತ್ತಿದ್ರು."

ಒಕಾಮಿ-ಸಾನ್‌ಗೆ ಬಾಯ್ಲರ್ ಹಾಕಿಸುವ ಶಕ್ತಿಯಿರಲಿಲ್ಲ, ಮನಸ್ಸೂ ಇರಲಿಲ್ಲ. ಮುಂದಿನ ಸಲ ಎಲೆ ಉದುರುವ ಹೊತ್ತಿಗೆ ಬಾಗಿಲು ಹಾಕುತ್ತೇನೆ, ಅದಕ್ಕೆ ಮುಂಚೆ ಒಮ್ಮೆ ಬನ್ನಿ ಅಂದರು. ಹೋಗಲು ಅವನು ಒಪ್ಪಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು? ನಾನು ಅವನ ಟಿಕೆಟ್ಟನ್ನೂ ತೆಗೆದು, ಅದು ವಾಪಸು ಮಾಡಲಾಗದ ಟಿಕೆಟ್ಟೆಂದು ಹೆದರಿಸಿ, ಎಳೆದುಕೊಂಡು ಹೋದೆ.

ಬಾಗಿಲಲ್ಲಿ ಒಕಾಮಿ-ಸಾನ್ ಅವನ ಕೋಲು ನೋಡಿದರು, ವಿಶೇಷವಾಗಿ ಹೊಲಿಸಿದ ಬೂಟು ನೋಡಿದರು. "ಸೆನ್ಸೆಯಿ, ಇಡ್ಲಿ ಪಾತ್ರೆಯ ನೀರು ಬತ್ತಿತೇನೋ" ಅಂದರು, ಹವಾಮಾನದ ಮಾತಾಡಿದ ಹಾಗೆ. ಅದರಲ್ಲಿ ಮೊನೆ ಇರಲಿಲ್ಲ, ನಾನು ಹುಡುಕಿ ನೋಡಿದೆ. ಅದಕ್ಕೇ ಅವನಿಗೆ ಜಾಸ್ತಿ ಚುಚ್ಚಿತು.

"ನನ್ನಿಂದಾಗಿ..." ಅಂದ.

"ಸಾರು ಆರಿಹೋಗುತ್ತೆ, ಮೊದಲು ಸ್ನಾನ ಮುಗಿಸಿ" ಅಂದರು ಆಕೆ.

ಸ್ನಾನದ ಕೋಣೆಯಲ್ಲಿ ನಾವಿಬ್ಬರೇ. ಕೆಂಪು ಅಂಕಿಯ ಡಬ್ಬಿಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು, ಗೋಡೆಯ ಮೇಲೆ ಅದರ ಗುರುತು ಮಾತ್ರ ಇತ್ತು. ಅವನು ತೊಟ್ಟಿಯ ಅಂಚಿನಲ್ಲಿ ಕೂತ. ನಾಲ್ಕು ಬೆರಳಿನ ಪಾದವನ್ನು ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ.

"ಭಾವ, ನಿಮ್ಮ ಕಾಲು ಹಾಕಿ. ಹೇಗಿದೆ ಹೇಳಿ."

ನನಗೆ ಎಲ್ಲ ಬಿಸಿನೀರೂ ಒಂದೇ ಎಂದು ಆಗಲೇ ಹೇಳಿದ್ದೇನೆ. ಆದರೂ ಹಾಕಿದೆ. ಅಯ್ಯಪ್ಪಾ! ಸುಟ್ಟೇಹೋಯಿತು! ಕಾಲು ಕಿತ್ತುಕೊಂಡ ರಭಸಕ್ಕೆ ಜಾರಿ, ಮರದ ಬಕೀಟಿನ ಮೇಲೆ ಕೂತು, ಬಕೀಟು ಉರುಳಿ, ನಾನೂ ಉರುಳಿ, ಸದ್ದಿಗೆ ಒಕಾಮಿ-ಸಾನ್ ಪರದೆಯಾಚೆ ಓಡಿಬಂದರು.

"ಏನಾಯಿತು?"

"ಬಿಸಿ! ನೀರು ವಾಪಸು ಬಂದಿದೆ! ಕೊತಕೊತ ಅಂತಿದೆ!" ಎಂದು ಕೂಗಿದೆ.

ಪರದೆಯಾಚೆಯಿಂದ ಆಕೆಯ ದನಿ ಬಂತು, ನನಗಲ್ಲ, ಅವನಿಗೆ. "ಹೌದು, ಸೆನ್ಸೆಯಿ. ಇವತ್ತು ಬೆಳಿಗ್ಗೆಯಿಂದ ಬಹಳ ಬಿಸಿಯಿದೆ. ಹುಷಾರಾಗಿ ಇಳಿಯಿರಿ."

ನನ್ನ ಷಡ್ಡಕ ನಿಧಾನವಾಗಿ ಇಳಿದ. ಮಂಡಿಯವರೆಗೆ, ಸೊಂಟದವರೆಗೆ, ಕುತ್ತಿಗೆಯವರೆಗೆ. ಕಣ್ಣು ಮುಚ್ಚಿದ, ಹಿಂದೆ ಹೆಬ್ಬೆರಳು ಅದ್ದಿದಾಗ ಮುಚ್ಚುತ್ತಿದ್ದ ಹಾಗೆಯೇ. ಪರದೆಯ ಕಡೆ ತಿರುಗಿ, "ನಲವತ್ತೆರಡೂವರೆ, ಒಕಾಮಿ-ಸಾನ್" ಅಂದ. ಆಮೇಲೆ ನನಗೆ, "ಭಾವ, ಸ್ವಲ್ಪ ತಣ್ಣೀರು ಬಿಡಿ. ತಡ್ಕೊಳ್ಳೋಕಾಗ್ತಿಲ್ಲ."

ನಾನು ಎದ್ದು ತಣ್ಣೀರಿನ ನಲ್ಲಿ ತಿರುಗಿಸಿದೆ.

ಹಿಡಿದಿರಾ? ಹಿಡಿಯದಿದ್ದರೆ ಮಾತು ಕೊಟ್ಟಂತೆ ಹೇಳುತ್ತೇನೆ. ಹೆಬ್ಬೆರಳು ನಿಜ, ಇಡ್ಲಿ ನಿಜ, ಎಳ್ಳೆಣ್ಣೆ ನಿಜ. ಫೋಟೋದಲ್ಲಿರುವ ಕೊಂಬೂ ನಿಜ. ನೀರು ಸುಟ್ಟಿತು ಅಂದೆನಲ್ಲ, ಅದೊಂದೇ ನಾನು ಕಟ್ಟಿದ್ದು. ಅದು ನಿನ್ನೆಯ ಚಹಾದಷ್ಟು ಬೆಚ್ಚಗಿತ್ತು. ಬೆರಳಿಗೆ ಜೀವ ಇಲ್ಲದಿದ್ದರೇನು, ಕುತ್ತಿಗೆಯವರೆಗೆ ಇಳಿದವನಿಗೆ ಗೊತ್ತಾಗದೇ ಇರುತ್ತದೆಯೇ? ಅವನ ತೋಳಿನ ಮೇಲೆ ಕೂದಲು ನಿಮಿರಿ ನಿಂತಿದ್ದವು. ಸೆನ್ಸರುಗಳ ಸುಳ್ಳು ಹಿಡಿದ ಮನುಷ್ಯ, ಎಳ್ಳೆಣ್ಣೆಯ ದಿನ 'ಸುಮ್ನಿರು' ಅಂದರೂ ಕೇಳದವನು, ಜೀವಮಾನದಲ್ಲಿ ಹೇಳಿದ್ದು ಅದೊಂದೇ ಸುಳ್ಳು ಅಂಕಿ. ನನಗಿಂತ ಚೆನ್ನಾಗಿ ಹೇಳಿದ, ಹೊಟ್ಟೆಕಿಚ್ಚಾಯಿತು.

ತಣ್ಣೀರಿನ ನಲ್ಲಿ ತಿರುಗಿಸಿದ್ದು ಮಾತ್ರ ನಿಜ.